ಎಡಿಎಚ್‌ಡಿ ಬಗ್ಗೆ ಪುಸ್ತಕ, ವೆಬ್‌ಸೈಟ್ ಹುಡುಕುತ್ತಿದ್ದೀರಾ? ಕಡಿಮೆ ಓದಿ, ಜಾಸ್ತಿ ಬಳಸಿ

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದಿರುವುದು, ಚಡಪಡಿಕೆ, ಆತುರ ಇವು ಬದುಕಿಗೆ ತೊಂದರೆ ಕೊಡುವ ಸ್ಥಿತಿ. ಅದರ ಬಗ್ಗೆ ಓದೋಕೆ ಏನೂ ಸಿಗಲ್ಲ ಅನ್ನುವ ಕಾಲ ಹೋಯಿತು. ಈಗ ತೊಂದರೆ ಉಲ್ಟಾ. ಒಂದು ಸಲ ಹುಡುಕಿದರೆ ಸಾಕು, ಆಮೇಲೆ ಫೋನ್ ತಾನಾಗಿಯೇ ಅದನ್ನೇ ತಂದು ತಂದು ಸುರಿಯುತ್ತದೆ. ರಾತ್ರಿ ಊಟ ಆದಮೇಲೆ "ಒಂದೇ ಒಂದು ವಿಡಿಯೋ" ಅಂತ ಶುರು ಮಾಡಿದವರು ನಡುರಾತ್ರಿ ದಾಟಿದ ಮೇಲೆ ನೋಡಿದರೆ ಮೂವತ್ತು ಟ್ಯಾಬ್ ತೆರೆದಿರುತ್ತವೆ, ಮೂರು ಪುಸ್ತಕ ಆರ್ಡರ್ ಆಗಿರುತ್ತವೆ, ಹೊಸ ಪ್ಲಾನರ್ ಆ್ಯಪ್ ಒಂದು ಇಳಿದಿರುತ್ತದೆ, ಆದರೆ ಅವತ್ತು ಕಳಿಸಬೇಕಿದ್ದ ಆ ಒಂದು ಇಮೇಲ್ ಮಾತ್ರ ಹಾಗೇ ಕೂತಿರುತ್ತದೆ. ಹುಡುಕಾಟವೂ ಕೆಲಸ ತಪ್ಪಿಸಿಕೊಳ್ಳುವ ಒಂದು ದಾರಿ ಆಗಿಬಿಡುತ್ತದೆ, ಅಲ್ವಾ?

ರಸೆಲ್ ಬಾರ್ಕ್ಲಿ ಅನ್ನುವ ಮನಶ್ಶಾಸ್ತ್ರಜ್ಞ ಎಷ್ಟೋ ವರ್ಷಗಳಿಂದ ಒಂದು ಮಾತು ಹೇಳುತ್ತಾ ಬಂದಿದ್ದಾರೆ. ಎಡಿಎಚ್‌ಡಿ ಇರುವವರಿಗೆ ಏನು ಮಾಡಬೇಕು ಅಂತ ಗೊತ್ತಿಲ್ಲದೆ ಇಲ್ಲ, ಗೊತ್ತಿರುವುದನ್ನು ಸರಿಯಾದ ಹೊತ್ತಿಗೆ ಮಾಡುವುದೇ ಕಷ್ಟ ಅಂತ. ಇದು ನಿಜ ಆದರೆ ಇನ್ನೂ ಹತ್ತು ಪುಸ್ತಕ ಓದಿದರೆ ಏನು ಬಂತು? ಹಾಗಾಗಿ ಯಾವುದು ಒಳ್ಳೆಯ ಪುಸ್ತಕ ಅಂತ ಕೇಳುವುದಕ್ಕಿಂತ, ಇದರಲ್ಲಿ ಯಾವ ವಿಷಯವನ್ನು ನಾನು ಕೆಲಸ ನಡೆಯುವ ಜಾಗಕ್ಕೆ, ಅಂದರೆ ನನ್ನ ಮೇಜಿಗೆ, ಬಾಗಿಲಿಗೆ, ಫೋನಿನ ಮೊದಲ ಪರದೆಗೆ ತರಬಹುದು ಅಂತ ಕೇಳುವುದು ಮೇಲು. ಕೆಳಗಿನ ಹಂತಗಳೆಲ್ಲ ಇದೇ ಲೆಕ್ಕದಲ್ಲಿವೆ.

ಹಂತ 1: ಹುಡುಕುವ ಮೊದಲು ಒಂದು ಸಾಲಿನ ಪ್ರಶ್ನೆ ಬರೆಯಿರಿ

ಕಾಗದದ ಮೇಲೆ ಬರೆಯಿರಿ, ಫೋನಿನಲ್ಲಿ ಬೇಡ. ಫೋನ್ ಕೈಗೆ ಬಂದರೆ ಪ್ರಶ್ನೆ ಮರೆತೇ ಹೋಗುತ್ತದೆ.

"ಎಡಿಎಚ್‌ಡಿ" ಅನ್ನುವುದು ಪ್ರಶ್ನೆ ಅಲ್ಲ. "ನನಗೂ ಇರಬಹುದಾ?" ಅನ್ನುವುದು ಪ್ರಶ್ನೆ. "ಶುರು ಮಾಡಿದ ಕೆಲಸ ಯಾಕೆ ಮುಗಿಸೋಕಾಗಲ್ಲ?", "ಮಗ ಹೋಂವರ್ಕ್‌ಗೆ ಕೂರೋದೇ ಇಲ್ಲ, ಬೈಯದೆ ಹೇಗೆ ಕೂರಿಸಲಿ?", "ನನ್ನ ಮರೆವಿನಿಂದ ಮನೆಯಲ್ಲಿ ದಿನಾ ಜಗಳ, ಏನು ಮಾಡೋದು?" ಇವೂ ಪ್ರಶ್ನೆಗಳೇ. ಒಂದೊಂದಕ್ಕೂ ಬೇರೆ ಬೇರೆ ಪುಸ್ತಕ, ಬೇರೆ ಬೇರೆ ವೆಬ್‌ಸೈಟ್ ಬೇಕು. ಮೊದಲನೆಯದಕ್ಕೆ ಪುಸ್ತಕವೇ ಬೇಡ, ಕೊನೆಯದಕ್ಕೆ ಇಬ್ಬರೂ ಕೂತು ಓದುವಂಥದ್ದು ಬೇಕು. ಒಂದು ಸಲಕ್ಕೆ ಒಂದೇ ಪ್ರಶ್ನೆ ಇಟ್ಟುಕೊಳ್ಳಿ.

ಹಂತ 2: ಬುಡ ಗಟ್ಟಿ ಮಾಡಿಕೊಳ್ಳಿ, ಅದೂ ಒಂದೇ ಕಡೆ

ಮೂಲ ವಿಷಯ ತಿಳಿಯಲು ದುಡ್ಡು ಕೊಡಬೇಕಿಲ್ಲ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಎನ್‌ಐಎಂಎಚ್, ಅಲ್ಲಿನದೇ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ, ಇವುಗಳ ಎಡಿಎಚ್‌ಡಿ ಪುಟಗಳು ಉಚಿತ, ಸರಳ ಇಂಗ್ಲಿಷಿನಲ್ಲಿವೆ. 1987ರಲ್ಲಿ ಶುರುವಾದ ಚಾಡ್ (CHADD) ಅನ್ನುವ ಸಂಸ್ಥೆ ಇದೆ, ಮಕ್ಕಳು, ಅಪ್ಪ-ಅಮ್ಮ, ಶಿಕ್ಷಕರು, ದೊಡ್ಡವರು ಎಲ್ಲರಿಗೂ ಬೇರೆ ಬೇರೆ ವಿಭಾಗ ಇಟ್ಟಿದೆ. ದೊಡ್ಡವರಿಗೆ ಅಂತಲೇ ಇರುವ ಸಂಸ್ಥೆ ಎಡಿಡಿಎ (ADDA). 1998ರಲ್ಲಿ ಶುರುವಾದ ಎಡಿಡಿಟ್ಯೂಡ್ ಪತ್ರಿಕೆಯ ವೆಬ್‌ಸೈಟಿನಲ್ಲಿ ಲೇಖನಗಳು ರಾಶಿ ರಾಶಿ, ತಜ್ಞರ ಮಾತುಗಳ ಪಾಡ್‌ಕಾಸ್ಟ್ ಕೂಡ ಇದೆ. ಅಲ್ಲಿ ಜಾಹೀರಾತು ಜಾಸ್ತಿ, ಒಂದು ಲೇಖನದಿಂದ ಇನ್ನೊಂದಕ್ಕೆ ಜಾರುವುದು ಸುಲಭ. ನಾನಾದರೆ ಅದನ್ನು ಮೊದಲ ಓದಿಗೆ ಕೊಡುವುದಿಲ್ಲ.

ಇವುಗಳಲ್ಲಿ ಒಂದೇ ಒಂದನ್ನು ಆರಿಸಿ, ಪೂರ್ತಿ ಓದಿ, ಮುಚ್ಚಿ. ಎಲ್ಲ ಕಡೆ ಬುಡದ ವಿಷಯ ಒಂದೇ: ಗಮನಕ್ಕೆ ಸಂಬಂಧಿಸಿದ ಲಕ್ಷಣ, ಚಡಪಡಿಕೆ ಮತ್ತು ಆತುರದ ಲಕ್ಷಣ, ಎರಡೂ ಸೇರಿದ್ದು, ಹೀಗೆ ಮೂರು ಬಗೆ. ಐದು ಕಡೆ ಓದಿದರೆ ಐದು ಪಟ್ಟು ಗೊತ್ತಾಗುವುದಿಲ್ಲ.

ಹಳೆಯ ಬರಹಗಳಲ್ಲಿ "ಎಡಿಡಿ" ಅಂತ ಕಂಡರೆ ಗಾಬರಿ ಬೇಡ. 1980ರಿಂದ 1987ರವರೆಗೆ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದೇ ಹೆಸರಿತ್ತು, ಆಮೇಲೆ ಎಡಿಎಚ್‌ಡಿ ಆಯಿತು. ಆದರೆ ಪುಸ್ತಕದ ವರ್ಷ ಮಾತ್ರ ನೋಡಲೇಬೇಕು. 2013ರಲ್ಲಿ ಬಂದ ಅದೇ ಕೈಪಿಡಿಯ ಐದನೇ ಆವೃತ್ತಿ, ಡಿಎಸ್‌ಎಂ-5, ಲಕ್ಷಣಗಳು 7 ವರ್ಷಕ್ಕೆ ಮುಂಚೆ ಕಾಣಿಸಿರಬೇಕು ಅನ್ನುವುದನ್ನು 12 ವರ್ಷಕ್ಕೆ ಏರಿಸಿತು. ಹದಿನೇಳು ತುಂಬಿದವರಿಗೆ ಆರರ ಬದಲು ಐದು ಲಕ್ಷಣ ಸಾಕು ಅಂತಲೂ ಮಾಡಿತು. ಅದಕ್ಕೂ ಹಳೆಯ ಪುಸ್ತಕದಲ್ಲಿ ರೋಗನಿರ್ಣಯದ ಅಧ್ಯಾಯ ಓದಿ "ಓ, ಹಾಗಾದರೆ ನನಗಿಲ್ಲ" ಅಂದುಕೊಂಡರೆ ತಪ್ಪಾಗಬಹುದು.

ಹಂತ 3: "ನನಗೆ ಇದೆಯಾ?" ಅನ್ನುವುದೇ ಪ್ರಶ್ನೆಯಾದರೆ

ವಿಶ್ವ ಆರೋಗ್ಯ ಸಂಸ್ಥೆಯ ಜೊತೆ ಸೇರಿ ಸಂಶೋಧಕರು ಮಾಡಿದ ಎಎಸ್‌ಆರ್‌ಎಸ್ ಅನ್ನುವ ಪ್ರಶ್ನಾವಳಿ ಇದೆ, ದೊಡ್ಡವರಿಗಾಗಿ. ಒಟ್ಟು 18 ಪ್ರಶ್ನೆ, ಅದರಲ್ಲಿ ಮೊದಲ 6 ಮುಖ್ಯ. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ಹೀಗಾಯಿತು ಅಂತ ಕೇಳುತ್ತದೆ. ಮೊದಲ ಪ್ರಶ್ನೆಯೇ ಹಲವರಿಗೆ ಚುಚ್ಚುತ್ತದೆ: ಕೆಲಸದ ಕಷ್ಟದ ಭಾಗ ಮುಗಿದ ಮೇಲೆ ಉಳಿದ ಚಿಲ್ಲರೆ ಭಾಗ ಮುಗಿಸಲು ಒದ್ದಾಡುತ್ತೀರಾ? ಆರರಲ್ಲಿ ನಾಲ್ಕು ಅಥವಾ ಜಾಸ್ತಿ ಉತ್ತರ ಬಣ್ಣ ಹಾಕಿದ ಚೌಕದಲ್ಲಿ ಬಿದ್ದರೆ ವೈದ್ಯರ ಹತ್ತಿರ ಹೋಗಿ ನೋಡಿಸಿಕೊಳ್ಳಿ ಅಂತ ಅರ್ಥ. ಅಷ್ಟೇ ಅರ್ಥ. ಇದೆ ಅಂತಲೂ ಅಲ್ಲ, ಇಲ್ಲ ಅಂತಲೂ ಅಲ್ಲ. ನಿದ್ದೆ ಕೆಟ್ಟಿದ್ದರೆ, ಥೈರಾಯ್ಡ್ ತೊಂದರೆ ಇದ್ದರೆ, ಆತಂಕ ಅಥವಾ ಖಿನ್ನತೆ ಇದ್ದರೆ ಕೂಡ ಗಮನ ಹೀಗೇ ಹಾರುತ್ತದೆ.

ಇದು ಉಚಿತವಾಗಿ ಸಿಗುತ್ತದೆ. ಹಾಗಿರುವಾಗ, ಇಪ್ಪತ್ತು ಪ್ರಶ್ನೆ ಕೇಳಿ ಕೊನೆಯಲ್ಲಿ "ಫಲಿತಾಂಶ ನೋಡಲು ಫೋನ್ ನಂಬರ್ ಕೊಡಿ" ಅನ್ನುವ ಬಣ್ಣ ಬಣ್ಣದ ಕ್ವಿಜ್‌ಗಳಿಗೆ ಯಾಕೆ ನಂಬರ್ ಕೊಡಬೇಕು? ಅವು ನಿಮ್ಮ ಮನಸ್ಸಿನ ಬಗ್ಗೆ ಮಾಹಿತಿ ತೆಗೆದುಕೊಂಡು ಏನೋ ಒಂದು ಮಾರಲು ಕೂತಿರುತ್ತವೆ. ಅಲ್ಲಿಗೇ ಮುಚ್ಚಿ.

ಇನ್ನೊಂದು ಮಾತು. ಎಡಿಎಚ್‌ಡಿ ಬಗ್ಗೆ ಓದುತ್ತಾ ಓದುತ್ತಾ ಮನಸ್ಸು ತೀರಾ ಕುಸಿದರೆ, ಬದುಕೇ ಬೇಡ ಅನ್ನಿಸಿದರೆ, ಅಲ್ಲಿ ಪುಸ್ತಕ ಕೆಲಸಕ್ಕೆ ಬರುವುದಿಲ್ಲ. ತಕ್ಷಣ ಹತ್ತಿರದವರಿಗೆ ಹೇಳಿ, ವೈದ್ಯರಿಗೆ ಅಥವಾ ಸಹಾಯವಾಣಿಗೆ ಫೋನ್ ಮಾಡಿ.

ಹಂತ 4: ಪುಸ್ತಕ, ನಿಮ್ಮ ಪ್ರಶ್ನೆಗೆ ತಕ್ಕದ್ದು

ಈಗಷ್ಟೇ ಗೊತ್ತಾಗಿದೆ, ಇದು ನನ್ನ ಬದುಕಿನಲ್ಲಿ ಹೇಗೆಲ್ಲ ಕಾಣುತ್ತಿತ್ತು ಅಂತ ಅರ್ಥ ಆಗಬೇಕು ಅನ್ನುವವರಿಗೆ ಎಡ್ವರ್ಡ್ ಹ್ಯಾಲೊವೆಲ್ ಮತ್ತು ಜಾನ್ ರೇಟಿ ಬರೆದ 'ಡ್ರಿವನ್ ಟು ಡಿಸ್ಟ್ರ್ಯಾಕ್ಷನ್' ಇದೆ, 1994ರದ್ದು. ಇಬ್ಬರೂ ಮನೋವೈದ್ಯರು, ಇಬ್ಬರಿಗೂ ಎಡಿಎಚ್‌ಡಿ ಇದೆ. ಜನರ ಕಥೆಗಳಿಂದ ತುಂಬಿದ ಪುಸ್ತಕ, ಹಾಗಾಗಿ ಓದಿಸಿಕೊಂಡು ಹೋಗುತ್ತದೆ. ದಪ್ಪ ಪುಸ್ತಕ ನೋಡಿದರೇ ಸುಸ್ತಾಗುತ್ತೆ ಅನ್ನುವವರು ಇವರದೇ 'ಎಡಿಎಚ್‌ಡಿ 2.0' ತೆಗೆದುಕೊಳ್ಳಿ, 2021ರಲ್ಲಿ ಬಂದದ್ದು, ತೆಳ್ಳಗಿದೆ. ಅದರಲ್ಲಿ ಸಮತೋಲನದ ವ್ಯಾಯಾಮ ಮಾಡಿ ಕಿರುಮೆದುಳಿನ ಮೂಲಕ ಎಡಿಎಚ್‌ಡಿ ಸುಧಾರಿಸುವ ಬಗ್ಗೆ ಉತ್ಸಾಹದಿಂದ ಬರೆದಿದ್ದಾರೆ. ಆ ಭಾಗಕ್ಕೆ ಪುರಾವೆ ಅಷ್ಟು ಗಟ್ಟಿ ಇಲ್ಲ, ಓದಿ ಮುಂದೆ ಹೋಗಿ.

ಔಷಧಿ, ಕೆಲಸ, ದುಡ್ಡು, ಸಂಬಂಧ, ಎಲ್ಲದಕ್ಕೂ ನೇರ ಉತ್ತರ ಬೇಕು, ಕಥೆ ಬೇಡ ಅನ್ನುವವರಿಗೆ ಬಾರ್ಕ್ಲಿಯವರ 'ಟೇಕಿಂಗ್ ಚಾರ್ಜ್ ಆಫ್ ಅಡಲ್ಟ್ ಎಡಿಎಚ್‌ಡಿ' ಸರಿಹೋಗುತ್ತದೆ. 2010ರದ್ದು ಹಳೆಯ ಆವೃತ್ತಿ, 2021ರ ಎರಡನೆಯದನ್ನೇ ನೋಡಿ. ಬಾರ್ಕ್ಲಿ ಕೊಂಚ ಖಡಕ್. ಎಡಿಎಚ್‌ಡಿ ಒಂದು ವರ ಅಂತೆಲ್ಲ ಸಮಾಧಾನ ಹೇಳುವವರಲ್ಲ, ಹಾಗಾಗಿ ಮನಸ್ಸು ಸೋತಿರುವ ದಿನಗಳಲ್ಲಿ ಇದು ಬೇಡ. ಅಪ್ಪ-ಅಮ್ಮಂದಿರಿಗೆ ಅವರದೇ 'ಟೇಕಿಂಗ್ ಚಾರ್ಜ್ ಆಫ್ ಎಡಿಎಚ್‌ಡಿ' ಬೇರೆ ಇದೆ. ಎರಡರ ಹೆಸರೂ ಹೆಚ್ಚು ಕಡಿಮೆ ಒಂದೇ ಥರ, ತರಿಸುವಾಗ "ಅಡಲ್ಟ್" ಅನ್ನುವ ಪದ ಇದೆಯಾ ಅಂತ ನೋಡಿಕೊಳ್ಳಿ. ಮಗುವಿಗೆ ಬ್ಯಾಗ್ ಜೋಡಿಸಿಕೊಳ್ಳುವುದು, ಕೆಲಸ ಶುರು ಮಾಡುವುದು ಇಂಥದ್ದನ್ನೇ ಕಲಿಸಬೇಕಿದ್ದರೆ ಪೆಗ್ ಡಾಸನ್ ಮತ್ತು ರಿಚರ್ಡ್ ಗ್ವೇರ್ ಅವರ 'ಸ್ಮಾರ್ಟ್ ಬಟ್ ಸ್ಕ್ಯಾಟರ್ಡ್' ಇನ್ನೂ ಹತ್ತಿರ.

ಹೆಣ್ಣುಮಕ್ಕಳ ವಿಷಯ ಬೇರೆಯೇ ಹೇಳಬೇಕು. ಓಡಾಡದೆ, ಗಲಾಟೆ ಮಾಡದೆ, ಕಿಟಕಿ ಕಡೆ ನೋಡುತ್ತಾ ಕೂತ ಹುಡುಗಿಯನ್ನು ಯಾರೂ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುವುದಿಲ್ಲ. "ಸ್ವಲ್ಪ ಸೋಮಾರಿ, ಸ್ವಲ್ಪ ಮರೆಗುಳಿ" ಅಂತ ಹೇಳಿಸಿಕೊಂಡೇ ದೊಡ್ಡವಳಾಗುತ್ತಾಳೆ. ಸಾರಿ ಸೋಲ್ಡನ್ 1995ರಲ್ಲೇ ಇದರ ಬಗ್ಗೆ ಪುಸ್ತಕ ಬರೆದರು. ಮಿಶೆಲ್ ಫ್ರಾಂಕ್ ಜೊತೆ 2019ರಲ್ಲಿ ಬರೆದದ್ದು ಅಭ್ಯಾಸದ ಪುಸ್ತಕದ ಥರ ಇದೆ, ಈಗ ಶುರು ಮಾಡುವವರಿಗೆ ಅದೇ ಒಳ್ಳೆಯದು. ಗಂಡ ಹೆಂಡತಿ ನಡುವೆ ಒಬ್ಬರು ಸದಾ ನೆನಪಿಸುವವರು, ಇನ್ನೊಬ್ಬರು ಸದಾ ಬೈಸಿಕೊಳ್ಳುವವರು ಆಗಿಬಿಟ್ಟಿದ್ದರೆ ಮೆಲಿಸ್ಸಾ ಓರ್ಲೊವ್ ಬರೆದ 'ದಿ ಎಡಿಎಚ್‌ಡಿ ಎಫೆಕ್ಟ್ ಆನ್ ಮ್ಯಾರೇಜ್' ಇದೆ. ಅದನ್ನು ಒಬ್ಬರೇ ಓದಿ ಇನ್ನೊಬ್ಬರ ಮುಖಕ್ಕೆ ಹಿಡಿಯಬೇಡಿ.

ಗಬೋರ್ ಮಾಟೆ ಅವರ 'ಸ್ಕ್ಯಾಟರ್ಡ್ ಮೈಂಡ್ಸ್' ಪುಸ್ತಕವನ್ನು ಎಲ್ಲರೂ ಹೇಳುತ್ತಾರೆ. ಬರವಣಿಗೆ ಚೆನ್ನಾಗಿದೆ, ಓದಿದರೆ ಯಾರೋ ನಮ್ಮನ್ನು ಅರ್ಥ ಮಾಡಿಕೊಂಡ ಹಾಗೆ ಆಗುತ್ತದೆ. ಆದರೆ ಎಡಿಎಚ್‌ಡಿ ಮುಖ್ಯವಾಗಿ ಎಳೆತನದ ಒತ್ತಡದಿಂದ ಬರುತ್ತದೆ ಅನ್ನುವ ಅವರ ವಾದವನ್ನು ಈ ಕ್ಷೇತ್ರದ ಹೆಚ್ಚಿನ ಸಂಶೋಧಕರು ಒಪ್ಪುವುದಿಲ್ಲ. ಅವಳಿ ಮಕ್ಕಳ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದರೆ ವಂಶದಿಂದ ಬರುವ ಪಾಲು ಸುಮಾರು ಶೇ 74. ಹಾಗಾಗಿ ಸಾಂತ್ವನಕ್ಕೆ ಓದಿ, ಕಾರಣ ಹುಡುಕಲು ಓದಬೇಡಿ. ಅದರಲ್ಲೂ "ನನ್ನಿಂದಲೇ ಮಗು ಹೀಗಾಯಿತು" ಅಂತ ಈಗಾಗಲೇ ಕೊರಗುವ ತಾಯಂದಿರು ಇದನ್ನು ಮೊದಲ ಪುಸ್ತಕ ಮಾಡಿಕೊಳ್ಳಲೇಬೇಡಿ.

ಈಗ ನನ್ನ ಮೆಚ್ಚಿನದು. ಸ್ಟೀವನ್ ಸಾಫ್ರನ್ ಮತ್ತು ಜೊತೆಗಾರರ 'ಮಾಸ್ಟರಿಂಗ್ ಯುವರ್ ಅಡಲ್ಟ್ ಎಡಿಎಚ್‌ಡಿ'. ಓದುವ ಪುಸ್ತಕ ಅಲ್ಲ, ಮಾಡುವ ಪುಸ್ತಕ. ಚಿಕಿತ್ಸಕರ ಜೊತೆ ಕೂತು ಮಾಡಲು ಬರೆದದ್ದು. ಈ ವಿಧಾನವನ್ನು ಔಷಧಿ ತೆಗೆದುಕೊಂಡೂ ತೊಂದರೆ ಉಳಿದಿದ್ದ 86 ಜನರ ಮೇಲೆ ಪರೀಕ್ಷೆ ಮಾಡಿ 2010ರಲ್ಲಿ ಜಾಮಾ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸುಮ್ನೆ ವಿಶ್ರಾಂತಿಯ ಅಭ್ಯಾಸ ಕಲಿತವರಿಗಿಂತ ಇದನ್ನು ಮಾಡಿದವರಲ್ಲಿ ಜಾಸ್ತಿ ಸುಧಾರಣೆ ಕಂಡಿತು. ಶುರುವಾಗುವುದು ಒಂದು ಕ್ಯಾಲೆಂಡರ್ ಮತ್ತು ಒಂದು ಕೆಲಸದ ಪಟ್ಟಿಯಿಂದ. ಕೇಳಿದರೆ ಸಪ್ಪೆ.

ಆದರೆ ಅದರೊಳಗಿನ ಒಂದು ಅಭ್ಯಾಸ ನೋಡಿ. ಬೇಜಾರಿನ ಕೆಲಸ ಒಂದನ್ನು ತೆಗೆದುಕೊಂಡು, ಏಳಬೇಕು ಅನ್ನಿಸುವವರೆಗೆ ಎಷ್ಟು ಹೊತ್ತು ಕೂರುತ್ತೀರಿ ಅಂತ ಗಡಿಯಾರ ನೋಡಿ ಬರೆಯಿರಿ. ಹನ್ನೆರಡು ನಿಮಿಷ ಅಂತಿಟ್ಟುಕೊಳ್ಳಿ. ಇನ್ನು ಮುಂದೆ ಎಲ್ಲ ಕೆಲಸವನ್ನೂ ಹನ್ನೆರಡು ನಿಮಿಷದ ತುಂಡು ಮಾಡಿ. ಟೈಮರ್ ಇಡಿ, ಪಕ್ಕದಲ್ಲಿ ಒಂದು ಚೀಟಿ ಇಡಿ. ನಡುವೆ "ಅಯ್ಯೋ, ಅವರಿಗೆ ಫೋನ್ ಮಾಡಬೇಕಿತ್ತು" ಅಂತ ತಲೆಗೆ ಬಂದರೆ ಏಳಬೇಡಿ, ಚೀಟಿಯಲ್ಲಿ "ಫೋನ್" ಅಂತ ಬರೆದು ಮತ್ತೆ ಕೆಲಸಕ್ಕೆ ಬನ್ನಿ. ಟೈಮರ್ ಹೊಡೆದ ಮೇಲೆ ಚೀಟಿ ನೋಡಿ. ಅಷ್ಟೊಂದು ಅರ್ಜೆಂಟ್ ಅನ್ನಿಸಿದ್ದರಲ್ಲಿ ಅರ್ಧಕ್ಕರ್ಧ ಆಗ ಅರ್ಜೆಂಟ್ ಅನ್ನಿಸುವುದೇ ಇಲ್ಲ. ಒಂದು ಪುಸ್ತಕದಿಂದ ಇಷ್ಟು ಒಂದು ದಕ್ಕಿದರೆ ಅದರ ದುಡ್ಡು ವಸೂಲಿ.

ಹಂತ 5: ವಿಡಿಯೋಗಳನ್ನು ಜರಡಿ ಹಿಡಿಯಿರಿ

2022ರಲ್ಲಿ ಕೆನಡಾದ ಮನೋವೈದ್ಯಕೀಯ ಪತ್ರಿಕೆಯೊಂದರಲ್ಲಿ ಒಂದು ಅಧ್ಯಯನ ಬಂತು. ಟಿಕ್‌ಟಾಕ್‌ನಲ್ಲಿ ಅತಿ ಜನಪ್ರಿಯವಾದ 100 ಎಡಿಎಚ್‌ಡಿ ವಿಡಿಯೋಗಳನ್ನು ನೋಡಿದಾಗ 52 ದಾರಿ ತಪ್ಪಿಸುವಂಥವು ಅಂತ ಕಂಡುಬಂತು. ಸುಳ್ಳು ಹೇಳುತ್ತಾರೆ ಅಂತ ಅಲ್ಲ. ತನಗಾಗಿದ್ದನ್ನೇ ಎಲ್ಲರ ಲಕ್ಷಣ ಅಂತ ಹೇಳಿಬಿಡುತ್ತಾರೆ.

ಒಂದು ಉದಾಹರಣೆ ಹಿಡಿದು ನೋಡೋಣ. "ಒಂದೇ ಹಾಡನ್ನು ದಿನವಿಡೀ ಕೇಳ್ತೀರಾ? ಅದು ಎಡಿಎಚ್‌ಡಿ!" ಅಂತ ಒಂದು ವಿಡಿಯೋ ಬಂತು ಅನ್ನಿ. ಡಿಎಸ್‌ಎಂ-5ರಲ್ಲಿ ಗಮನದ್ದು ಒಂಬತ್ತು, ಚಡಪಡಿಕೆ ಮತ್ತು ಆತುರದ್ದು ಒಂಬತ್ತು, ಒಟ್ಟು ಹದಿನೆಂಟು ಲಕ್ಷಣ. ಸಿಡಿಸಿ ಪುಟದಲ್ಲಿ ಪಟ್ಟಿ ಇದೆ. ಹಾಡಿನ ವಿಷಯ ಇದೆಯಾ ನೋಡಿ. ಇಲ್ಲ. ಎಡಿಎಚ್‌ಡಿ ಇರುವವರು ಹಾಗೆ ಕೇಳಬಹುದು, ಇಲ್ಲದವರೂ ಕೇಳುತ್ತಾರೆ. ಈಗ ಇನ್ನೊಂದು ಕೇಳಿ: ಲಕ್ಷಣ ಇದ್ದರೆ ಸಾಕಾ? ಸಾಲದು. ಮನೆ, ಶಾಲೆ, ಕೆಲಸ, ಹೀಗೆ ಎರಡಾದರೂ ಕಡೆ ಕಾಣಬೇಕು, ಬದುಕಿಗೆ ತೊಂದರೆ ಕೊಡುತ್ತಿರಬೇಕು. ಈ ಎರಡು ಪ್ರಶ್ನೆ ಕೇಳಿದರೆ ಮುಕ್ಕಾಲು ವಿಡಿಯೋ ಜರಡಿಯಲ್ಲೇ ನಿಲ್ಲುತ್ತವೆ.

ಕೆಲವು ಮಾತುಗಳು ಮಧ್ಯದಲ್ಲಿವೆ. ತಿರಸ್ಕಾರವನ್ನು ತಡೆದುಕೊಳ್ಳಲಾಗದ ನೋವಿಗೆ ಆರ್‌ಎಸ್‌ಡಿ ಅಂತ ಹೆಸರಿಟ್ಟು ಎಲ್ಲ ಕಡೆ ಮಾತಾಡುತ್ತಾರೆ. ನೋವು ನಿಜ, ಎಡಿಎಚ್‌ಡಿ ಇರುವವರಲ್ಲಿ ಭಾವನೆ ಹಿಡಿತಕ್ಕೆ ಸಿಗದಿರುವುದೂ ಸಾಮಾನ್ಯ. ಆದರೆ ಆರ್‌ಎಸ್‌ಡಿ ಅನ್ನುವುದು ಡಿಎಸ್‌ಎಂನಲ್ಲಿ ಇರುವ ರೋಗನಿರ್ಣಯ ಅಲ್ಲ. ಇಷ್ಟು ತಿಳಿದಿದ್ದರೆ ಸಾಕು, ವೈದ್ಯರ ಹತ್ತಿರ "ನನಗೆ ಆರ್‌ಎಸ್‌ಡಿ ಇದೆ" ಅನ್ನುವ ಬದಲು ಏನಾಗುತ್ತದೆ ಅಂತ ವಿವರಿಸುತ್ತೀರಿ.

"ಈ ಮಾತ್ರೆ ತಿಂದರೆ, ಈ ಆಹಾರ ಬಿಟ್ಟರೆ ಗುಣ" ಅನ್ನುವುದಕ್ಕೆ ಬ್ರಿಟನ್ನಿನಲ್ಲಿ ಚಿಕಿತ್ಸೆಯ ಮಾರ್ಗಸೂಚಿ ಮಾಡುವ ನೈಸ್ (NICE) ಸಂಸ್ಥೆಯ 2018ರ ಎನ್‌ಜಿ87 ಮಾರ್ಗಸೂಚಿ ತೆರೆದು ನೋಡಿ, ಉಚಿತ. ಮಕ್ಕಳ ಎಡಿಎಚ್‌ಡಿಗೆ ಕೊಬ್ಬಿನಾಮ್ಲದ ಪೂರಕಗಳನ್ನು ಚಿಕಿತ್ಸೆಯಾಗಿ ಸೂಚಿಸಬೇಡಿ ಅಂತಲೇ ಅಲ್ಲಿ ಬರೆದಿದೆ. ಇನ್ನೂ ಬೇಕಿದ್ದರೆ ವಿಶ್ವ ಎಡಿಎಚ್‌ಡಿ ಒಕ್ಕೂಟ 2021ರಲ್ಲಿ ಪ್ರಕಟಿಸಿದ ಒಮ್ಮತದ ಹೇಳಿಕೆ ಇದೆ, ಪುರಾವೆ ಇರುವ 208 ತೀರ್ಮಾನ ಒಂದೇ ಕಡೆ. ಪೂರ್ತಿ ಓದಲು ಹೋಗಬೇಡಿ, ನಿಮ್ಮ ಅನುಮಾನದ ಪದ ಹಾಕಿ ಅದರೊಳಗೆ ಹುಡುಕಿ.

ವಿಡಿಯೋನೇ ಬೇಡ ಅಂತಲ್ಲ. ಜೆಸ್ಸಿಕಾ ಮೆಕೇಬ್ ಅವರ 'ಹೌ ಟು ಎಡಿಎಚ್‌ಡಿ' ಚಾನೆಲ್ ಚೆನ್ನಾಗಿದೆ. ಅವರಿಗೂ ಎಡಿಎಚ್‌ಡಿ ಇದೆ, ವಿಡಿಯೋ ಚಿಕ್ಕವು. ಅದೇ ಹೆಸರಿನ ಪುಸ್ತಕ 2024ರಲ್ಲಿ ಬಂತು. ಸಂಶೋಧನೆಯ ಹೊಸ ಸುದ್ದಿ ಬೇಕಿದ್ದರೆ ಬಾರ್ಕ್ಲಿಯವರೂ ಯೂಟ್ಯೂಬ್‌ನಲ್ಲಿ ಮಾತಾಡುತ್ತಾರೆ, ಸಾದಾ ಸ್ಲೈಡ್, ಸಾದಾ ಧ್ವನಿ, ಮನರಂಜನೆ ಇಲ್ಲ.

ಹಂತ 6: ಓದುವುದನ್ನು ಸುಲಭ ಮಾಡಿಕೊಳ್ಳಿ

ಇಂಥ ಪುಸ್ತಕವನ್ನು ಕಾದಂಬರಿ ಥರ ಓದಬೇಡಿ, ಅಡುಗೆ ಪುಸ್ತಕದ ಥರ ಓದಿ. ಪರಿವಿಡಿ ತೆಗೆದು ನಿಮ್ಮ ಕಾಗದದ ಪ್ರಶ್ನೆಗೆ ಹತ್ತಿರದ ಒಂದು ಅಧ್ಯಾಯಕ್ಕೆ ನೇರ ಹೋಗಿ. ಮುನ್ನುಡಿ ಬಿಟ್ಟರೆ ಯಾರೂ ಕೇಳುವುದಿಲ್ಲ. ಕೊಳ್ಳುವ ಮೊದಲು ಗ್ರಂಥಾಲಯ ನೋಡಿ. ಲಿಬ್ಬಿ ಆ್ಯಪ್‌ಗೆ ಸೇರಿದ ಗ್ರಂಥಾಲಯದ ಕಾರ್ಡ್ ಇದ್ದರೆ ಇ-ಪುಸ್ತಕ, ಆಡಿಯೋ ಪುಸ್ತಕ ಎರಡೂ ಉಚಿತ, ವಾಪಸ್ ಕೊಡುವುದು ಮರೆತರೂ ಅದೇ ತಾನಾಗಿ ವಾಪಸ್ ಹೋಗುತ್ತದೆ. ನಮ್ಮಂಥವರಿಗೆ ಇದಕ್ಕಿಂತ ಏನು ಬೇಕು!

ಕೂತು ಓದಲು ಆಗದಿದ್ದರೆ ಪಾತ್ರೆ ತೊಳೆಯುವಾಗ, ನಡೆಯುವಾಗ ಕೇಳಿ. ಕೆಲವರಿಗೆ ಪುಟ ನೋಡುತ್ತಾ ಧ್ವನಿಯನ್ನೂ ಕೇಳಿದರೆ ಸಾಲು ತಪ್ಪುವುದಿಲ್ಲ. ವೆಬ್‌ಸೈಟ್ ಆದರೆ ಬ್ರೌಸರಿನ ರೀಡರ್ ಮೋಡ್ ಒತ್ತಿ, ಜಾಹೀರಾತು, ಪಕ್ಕದ ಲಿಂಕು ಎಲ್ಲ ಮಾಯ ಆಗಿ ಅಕ್ಷರ ಮಾತ್ರ ಉಳಿಯುತ್ತವೆ. ಓದಿದ್ದರಲ್ಲಿ ಒಂದು ಉಪಾಯ ಆರಿಸಿ, ಚೀಟಿಯಲ್ಲಿ ಬರೆದು, ಅದು ಬೇಕಾಗುವ ಜಾಗದಲ್ಲೇ ಅಂಟಿಸಿ. ಕೀಲಿ ಮರೆಯುವುದಕ್ಕೆ ಉಪಾಯ ಬಾಗಿಲ ಮೇಲಿರಬೇಕು, ನೋಟ್ಸ್ ಆ್ಯಪ್ ಒಳಗೆ ಅಲ್ಲ. ಎರಡು ವಾರ ಅದೊಂದನ್ನೇ ನೋಡಿ. ಅಲ್ಲಿಯವರೆಗೆ ಹೊಸ ಪುಸ್ತಕ ಬೇಡ.

ಎರಡು ವಾರಕ್ಕೆ ಆ ಉಪಾಯ ಹಳಸಿದರೆ ಪುಸ್ತಕ ಕೆಟ್ಟದ್ದು ಅಂತಲ್ಲ, ನೀವು ಸೋತಿರಿ ಅಂತಲೂ ಅಲ್ಲ. ಹೊಸತನ ಹೋದಾಗ ಹಿಡಿತ ಸಡಿಲಾಗುವುದು ಎಡಿಎಚ್‌ಡಿಯಲ್ಲಿ ಇದ್ದದ್ದೇ. ಚೀಟಿಯ ಬಣ್ಣ ಬದಲಿಸಿ, ಜಾಗ ಬದಲಿಸಿ, ಮತ್ತೆ ಶುರು ಮಾಡಿ.

ಹಂತ 7: ಜನರನ್ನು ಹುಡುಕಿ

ಆನ್‌ಲೈನ್ ಗುಂಪುಗಳಲ್ಲಿ "ನೀವು ಇದನ್ನು ಹೇಗೆ ನಿಭಾಯಿಸ್ತೀರಿ?" ಅಂತ ಕೇಳಿ, ಚಿನ್ನದಂಥ ಉತ್ತರ ಸಿಗುತ್ತವೆ. "ನನಗೆ ಇದೆಯಾ?", "ಮಾತ್ರೆ ಡೋಸ್ ಜಾಸ್ತಿ ಮಾಡಲಾ?" ಅಂತ ಮಾತ್ರ ಕೇಳಬೇಡಿ. ಸ್ವಂತ ಹೆಸರು, ಆಫೀಸಿನ ಹೆಸರು ಹಾಕಬೇಡಿ. ಚಾಡ್, ಎಡಿಡಿಎ ಎರಡರಲ್ಲೂ ಬೆಂಬಲ ಗುಂಪುಗಳಿವೆ.

ಓದಲೇ ಆಗುತ್ತಿಲ್ಲ ಅಂದರೆ ಜೊತೆಗೆ ಯಾರನ್ನಾದರೂ ಕೂರಿಸಿಕೊಳ್ಳಿ. ಅವರು ಅವರ ಕೆಲಸ ಮಾಡಲಿ, ನೀವು ನಿಮ್ಮ ಪುಟ ಓದಿ. ಇದನ್ನು ಬಾಡಿ ಡಬ್ಲಿಂಗ್ ಅನ್ನುತ್ತಾರೆ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಫೋಕಸ್‌ಮೇಟ್ ಥರದ ಸೈಟುಗಳು ವಿಡಿಯೋದಲ್ಲಿ ಅಪರಿಚಿತರೊಬ್ಬರನ್ನು ಜೊತೆ ಮಾಡುತ್ತವೆ. ವಿಚಿತ್ರ ಅನ್ನಿಸುತ್ತದೆ, ಆದರೆ ಹಲವರಿಗೆ ಕೆಲಸ ಮಾಡುತ್ತದೆ.

ಹಂತ 8: ಓದಿದ್ದನ್ನು ವೈದ್ಯರ ಹತ್ತಿರ ಒಯ್ಯುವಾಗ

ಸೇವ್ ಮಾಡಿದ ವಿಡಿಯೋಗಳನ್ನು ತೋರಿಸಬೇಡಿ. ಒಂದು ಹಾಳೆ ಸಾಕು. ಮೇಲೆ ತುಂಬಿದ ಎಎಸ್‌ಆರ್‌ಎಸ್, ಕೆಳಗೆ ನಿಮ್ಮ ಬದುಕಿನ ಮೂರು ನಾಲ್ಕು ನಿಜವಾದ ಘಟನೆ: ಯಾವಾಗ, ಎಲ್ಲಿ, ಅದರಿಂದ ಏನು ನಷ್ಟ ಆಯಿತು. ನಿದ್ದೆ ಹೇಗಿದೆ, ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ ಅಂತಲೂ ಬರೆಯಿರಿ. 12 ವರ್ಷಕ್ಕೆ ಮುಂಚಿನ ಲಕ್ಷಣ ಕೇಳುತ್ತಾರೆ, ಹಾಗಾಗಿ ಹಳೆಯ ಶಾಲಾ ಅಂಕಪಟ್ಟಿ ಸಿಕ್ಕರೆ ತೆಗೆದುಕೊಂಡು ಹೋಗಿ. ಅಂಕಕ್ಕಿಂತ ಜಾಸ್ತಿ ಕೆಲಸಕ್ಕೆ ಬರುವುದು ಅದರ ಕೆಳಗೆ ಟೀಚರ್ ಬರೆದ ಸಾಲು, "ಬುದ್ಧಿವಂತ, ಆದರೆ ಗಮನ ಸಾಲದು" ಅಂಥದ್ದು. ಅದೂ ಇಲ್ಲದಿದ್ದರೆ ಚಿಕ್ಕಂದಿನಲ್ಲಿ ನಿಮ್ಮನ್ನು ನೋಡಿದ ಅಮ್ಮ, ಅಣ್ಣ, ಅಕ್ಕ ಯಾರನ್ನಾದರೂ ಕೇಳಿ ಎರಡು ಸಾಲು ಬರೆಸಿಕೊಳ್ಳಿ, ಅಥವಾ ಅವರನ್ನೇ ಜೊತೆಗೆ ಕರೆದುಕೊಂಡು ಹೋಗಿ. ಹಾಳೆಯನ್ನು ಹಿಂದಿನ ರಾತ್ರಿಯೇ ಚಪ್ಪಲಿಯ ಮೇಲೆ ಇಟ್ಟುಬಿಡಿ, ಇಲ್ಲದಿದ್ದರೆ ಅದು ಮನೆಯಲ್ಲೇ ಉಳಿಯುತ್ತದೆ.